ಹೂಕುಂಡಕ್ಕೆ ಸುರಿದ ನೀರು

ಜೂನ್ ೪

ಬೀಗಿತ್ತಿಯವರೇ,

ಕುಶಲ ವಿಚಾರಿಸುವ ನಾಲ್ಕು ಸಾಲು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕುಶಲವೇ ವಿಷಯ. ನಿಮ್ಮ ಮಗಳಿಗೆ ರಕ್ತದೊತ್ತಡ ಏರಿದೆ. ನಿನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಗಂಟು ಹಾಕಿಕೊಂಡಳು. ನಾನು “ಏನು, ಬಾಯ್ಬಿಟ್ಟು ಹೇಳು” ಎಂದೆ.

“ಐದನೇ ತಿಂಗಳಲ್ಲಿ ಇಷ್ಟು ಇರಬಾರ್ದು. ಹೀಗೇ ಏರ್ತಾ ಹೋದ್ರೆ ತಾಯಿಗೂ ಅಪಾಯ, ಮಗೂಗೂ ಅಪಾಯ. ಹುಷಾರಾಗಿ ನೋಡ್ಕೊಳ್ಳಿ ಅಜ್ಜಿ” ಎಂದಳು.

“ಅಜ್ಜಿ ಆಗೋಕೆ ಇನ್ನೂ ಸಮಯ ಇದೆ, ಈಗ್ಲೇ ಕರೀಬೇಡ” ಎಂದೆ. ನಿಮ್ಮ ಮಗಳು ನಕ್ಕಳು. ನಗುವಷ್ಟು ಚೆನ್ನಾಗಿಯೇ ಇದ್ದಾಳೆ. ಹೆದರಬೇಡಿ.

ಅವಳನ್ನು ನಿಮ್ಮಲ್ಲಿಗೆ ಕರೆಸಿಕೊಳ್ಳುವ ಮಾತು ಮಾತ್ರ ಎತ್ತಬೇಡಿ. ಹಡಗು ಹತ್ತುವ ದಿನ ಮಗ ನನ್ನ ಕೈ ಹಿಡಿದು ಹೇಳಿದ್ದಾನೆ: “ಅಮ್ಮಾ, ನಾನು ಬರೋವರೆಗೂ ಅವಳು ನಿನ್ನ ಕಣ್ಮುಂದೇನೇ ಇರ್ಲಿ. ನಿನ್ನ ಬಾಯಿಗೆ ಹೆದರಿ ಕಾಯಿಲೆ ಕೂಡ ಮನೆಯೊಳಗೆ ಬರಲ್ಲ.” ಆಸ್ಪತ್ರೆ ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ನಿಮ್ಮಲ್ಲಿ ಬಸ್ಸು ಹತ್ತಬೇಕು.

ನಾನು ಮಾಡಿರುವುದು ಕೇಳಿ. ಒಣಮೀನು ನಿಲ್ಲಿಸಿದ್ದೇನೆ. ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದೇನೆ, ಅವಳ ಕೈಗೆ ಎಟುಕುವುದಿಲ್ಲ, ನನ್ನ ಕೈಗೂ ಕಷ್ಟ. ನೀರು ಚೆನ್ನಾಗಿ ಕುಡಿಸಿ ಎಂದು ನರ್ಸಮ್ಮ ಹೇಳಿದ್ದಾಳೆ. ಊಟಕ್ಕೊಂದು ಚೊಂಬು, ನಡುವೆ ಒಂದು ಚೊಂಬು. ಖಾಲಿಯಾಗುವವರೆಗೆ ಪೊಲೀಸಿನವನ ಹಾಗೆ ಎದುರು ನಿಂತಿರುತ್ತೇನೆ.

ಅಕ್ಷರ ಏಡಿ ನಡೆದ ಹಾಗಿದ್ದರೆ ಕ್ಷಮಿಸಬೇಡಿ, ಓದಿಕೊಳ್ಳಿ. ಮೂರನೆಯ ತರಗತಿಗೇ ಮೀನು ಒಣಗಿಸುವ ಅಂಗಳ ನನ್ನನ್ನು ಎಳೆದುಕೊಂಡಿತು.

ನಿಮ್ಮ ಅಳಿಯನ ತಾಯಿ

*

ಜೂನ್ ೧೫

ಅಕ್ಕನವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಹೊಲಿಗೆ ಯಂತ್ರ ತುಳಿಯಲು ಕಾಲೇ ಬರಲಿಲ್ಲ. ಶಾಲೆ ತೆರೆಯುವ ಹೊತ್ತು, ಮಕ್ಕಳ ಸಮವಸ್ತ್ರ ರಾಶಿ ಬಿದ್ದಿದೆ. ಒಂದು ಅಂಗಿಗೆ ಎರಡೂ ಎಡಗೈ ತೋಳು ಹೊಲಿದೆ.

ನೀವು ತೆಗೆದುಕೊಳ್ಳುತ್ತಿರುವ ಕಾಳಜಿಗೆ ನಾನು ಋಣಿ. ಇಲ್ಲಿಯ ಡಾಕ್ಟರರನ್ನೂ ಕೇಳಿದೆ. ಸಮುದ್ರದ ದಡದ ಊರುಗಳಲ್ಲಿ ಇದು ಹೆಚ್ಚಂತೆ. ಉಪ್ಪು ಹಾಕಿದ ಮೀನು ಒಂದು ಕಾರಣ, ವಂಶದಲ್ಲಿ ಇದ್ದರೆ ಅದೂ ಕಾರಣ, ನಿದ್ದೆಗೆಡುವುದು, ಹೊಗೆಸೊಪ್ಪು, ಮೈಭಾರ ಎಲ್ಲವನ್ನೂ ಹೇಳಿದರು. ಬಸುರಿಯರಿಗೆ ಯಾವ ಕಾರಣವೂ ಇಲ್ಲದೆ ಬರುವುದೂ ಉಂಟಂತೆ. ನಮ್ಮ ವಂಶದಲ್ಲಿ ನನಗೆ ತಿಳಿದಂತೆ ಯಾರಿಗೂ ಇಲ್ಲ.

ಮನಸ್ಸಿಗೆ ನೆಮ್ಮದಿಯೂ ಬೇಕೆಂದರು. ಹುಡುಗಿ ಜೋರು ದನಿ ಕೇಳಿ ಬೆಳೆದವಳಲ್ಲ ಅಕ್ಕ. ನೀವು ತಪ್ಪು ತಿಳಿಯುವುದಿಲ್ಲ ಎಂದು ನಂಬಿ ಬರೆದಿದ್ದೇನೆ.

ಮದುವೆಯಾದ ಹೊಸತರಲ್ಲಿ ನಿಮ್ಮಲ್ಲಿ ಎರಡು ದಿನ ಇದ್ದೆನಲ್ಲ, ಆಗಿನ ಉಪಚಾರ ಮರೆತಿಲ್ಲ. ಆ ಮನೆಯ ವಿಷಯ ಇನ್ನೊಂದು ಮಾತು ಬರೆಯೋಣವೆಂದುಕೊಂಡೆ. ಬೇಡ. ಉಂಡ ಮನೆಯ ಕುಂದು ಎಣಿಸುವುದು ನಮ್ಮ ಅಭ್ಯಾಸವಲ್ಲ.

ನಿಮ್ಮ ತಂಗಿಯಂಥವಳು

*

ಜೂನ್ ೨೨

ಬೀಗಿತ್ತಿಯವರೇ,

ತಪ್ಪು ತಿಳಿದಿದ್ದೇನೆ. ಚೆನ್ನಾಗಿಯೇ ತಿಳಿದಿದ್ದೇನೆ.

ನನ್ನ ದನಿ ಜೋರು, ಹೌದು. ಇಡೀ ಬೀದಿ ನನ್ನನ್ನು ಒಣಮೆಣಸಿನಕಾಯಿ ಎಂದು ಕರೆಯುತ್ತದೆ, ಹಿಂದಿನಿಂದ ಅಲ್ಲ, ಎದುರಿಗೇ. ಅಂಗಳದಲ್ಲಿ ಅಲೆಯ ಸದ್ದಿನ ಮೇಲೆ ಕೂಗಿ ಕೂಗಿ ದನಿ ಹೀಗಾಗಿದೆ. ಆದರೆ ನಿಮ್ಮ ಮಗಳ ಮೇಲೆ ಕೂಗಿಲ್ಲ. ಅವಳ ಪಕ್ಕ ನಿಂತು ಬೇರೆಯವರ ಮೇಲೆ ಕೂಗಿದ್ದೇನೆ, ಅದು ಬೇರೆ.

ವಂಶದ ಮಾತೆತ್ತಿದ್ದೀರಿ. ನನ್ನ ಗಂಡ ತಲೆಯೊಳಗೆ ರಕ್ತ ಒಡೆದು ಹೋದರು, ಒಪ್ಪುತ್ತೇನೆ. ಅವರ ರಕ್ತ ನನ್ನ ಮಗನಲ್ಲಿ ಇರಬಹುದು, ನಿಮ್ಮ ಮಗಳಲ್ಲಿ ಎಲ್ಲಿಂದ ಬಂತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ.

ಇನ್ನು ಉಪ್ಪು. ಉಪ್ಪಿನ ವಿಷಯದಲ್ಲಿ ನನಗೆ ಪಾಠ ಬೇಡ. ತೊಟ್ಟಿಯ ಉಪ್ಪುನೀರು ಹದಕ್ಕೆ ಬಂತೋ ಇಲ್ಲವೋ ಎಂದು ಹೇಳುವುದು ನನ್ನ ನಾಲಿಗೆ. ಒಂದು ಗುಟುಕು ಬಾಯಿಗೆ ಹಾಕಿ, ತಿರುಗಿಸಿ, ಉಗಿದು, “ಹಾಕ್ರಿ ಮೀನು” ಎಂದರೆ ಮಾತ್ರ ಮೀನು ತೊಟ್ಟಿಗೆ ಬೀಳುತ್ತದೆ. ಮೇಸ್ತ್ರಿಯೂ ಕಾಯುತ್ತಾನೆ. ಈಚೆಗೆ ವ್ಯಾಪಾರಿಗಳು ಮೀನು ಕಡುಪ್ಪು ಎಂದು ಗೊಣಗುತ್ತಿದ್ದಾರೆ. ಗೊಣಗುವುದೇ ಅವರ ಕಸುಬು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ನಾನು ನಿಮ್ಮ ಮಗಳಿಂದ ಎರಡನ್ನೂ ದೂರ ಇಟ್ಟಿದ್ದೇನೆ, ಅದಕ್ಕೇ ನಿಮಗೆ ಉರಿ. ಸರಿ, ಕಳಿಸುತ್ತೇನೆ. ನರ್ಸಮ್ಮ ಒಪ್ಪಿದ್ದಾಳೆ. ಸ್ವಲ್ಪ ದಿನ ನಿಮ್ಮ ಮೆತ್ತನೆಯ ದನಿ ಕೇಳಿಸಿಕೊಂಡು ಬರಲಿ.

ಆಸ್ಪತ್ರೆಯಲ್ಲಿ ನನ್ನ ತೋಳಿಗೂ ಪಟ್ಟಿ ಸುತ್ತಿದರು. ಎಷ್ಟು ಬಂತು ಎಂದು ನಿಮ್ಮ ಮಗಳು ಹೇಳಲು ಬಂದರೆ ನಂಬಬೇಡಿ.

*

ಜುಲೈ ೨೦

ಅಕ್ಕನವರಿಗೆ ನಮಸ್ಕಾರ.

ಹುಡುಗಿಯನ್ನು ನಿನ್ನೆ ಬಸ್ಸು ಹತ್ತಿಸಿದೆ, ತಲುಪಿರುತ್ತಾಳೆ. ಇಲ್ಲಿದ್ದ ದಿನಗಳಲ್ಲಿ ಒತ್ತಡ ಇಳಿದಿದೆ. ಪಾದದ ಊತವೂ ಇಳಿದು ಹಳೆಯ ಚಪ್ಪಲಿ ಹಿಡಿಸಿತು. ಡಾಕ್ಟರರು “ಏನು ಮಾಡಿದ್ರಿ ತಾಯಿ?” ಎಂದು ಕೇಳಿದರು. ಏನೂ ಮಾಡಿಲ್ಲ ಎಂದೆ. ನಾವು ತಿನ್ನುವುದನ್ನೇ ತಿಂದಳು. ನಿಜ ಹೇಳಬೇಕೆಂದರೆ ನಿಮ್ಮಲ್ಲಿಗಿಂತ ಉಪ್ಪು ಮುಂದಾಗಿಯೇ ತಿಂದಳು, ಸಪ್ಪೆ ಸಪ್ಪೆ ಎಂದು ಅತ್ತಳು, ನನಗೆ ಕೈ ತಡೆಯಲಾಗಲಿಲ್ಲ.

ಇಲ್ಲೇ ಇರು ಎಂದು ಗೋಗರೆದೆ. “ಅತ್ತೆ ಒಬ್ಬರೇ ಇದ್ದಾರೆ, ಅವರಿಗೆ ನಂಗಿಂತ ಜಾಸ್ತಿ ಇದೆ ಅಮ್ಮಾ, ಮಾತ್ರೆ ತಗೊಳಲ್ಲ” ಎಂದಳು. ನೀವು ನಂಬಬೇಡಿ ಎಂದಿದ್ದಿರಿ. ನಾನು ನಂಬಿದೆ.

ಅಕ್ಕ, ಕೋಪ ಬೇಡ. ಕಾರಣ ಮನೆಯಲ್ಲೇ ಇದೆ ಎಂದು ಯಾರಿಗಾದರೂ ಅನ್ನಿಸುವುದಿಲ್ಲವೇ?

*

ಆಗಸ್ಟ್ ೬

ಬೀಗಿತ್ತಿಯವರೇ,

ಮತ್ತೆ ಏರಿದೆ. ಮೊದಲಿಗಿಂತ ಜಾಸ್ತಿ. ಬೆರಳಿಂದ ಒತ್ತಿದರೆ ಪಾದದಲ್ಲಿ ಗುಳಿ ಬೀಳುತ್ತದೆ. ಕಣ್ಣು ಮಂಜಾದರೆ, ತಲೆ ಸಿಡಿದರೆ ಆ ಕ್ಷಣವೇ ಕರೆತರಬೇಕು ಎಂದಿದ್ದಾರೆ. ಮಾತ್ರೆ ಕೊಟ್ಟಿದ್ದಾರೆ, ನುಂಗುತ್ತಿದ್ದಾಳೆ. ಹೊಟ್ಟೆಯಲ್ಲಿ ಮಗು ಬೆಳೆಯಬೇಕಾದಷ್ಟು ಬೆಳೆದಿಲ್ಲವಂತೆ.

ನಿಮ್ಮ ಪತ್ರ ಓದಿ ಒಲೆಗೆ ಹಾಕಲು ಹೋದೆ. ನಿಮ್ಮ ಮಗಳು ಕಿತ್ತುಕೊಂಡಳು. ಅವಳು ನನ್ನ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಇದೇ ಮೊದಲು. ಒಳ್ಳೆಯದೇ ಆಯಿತು, ಎರಡನೆಯ ಸಲ ಓದಿದೆ.

ಅವಳಿಗೆ ಈಗ ಉಪ್ಪೇ ಇಲ್ಲದ ಅಡುಗೆ. ನಾನೂ ಅದನ್ನೇ ತಿನ್ನುತ್ತೇನೆ, ಅವಳಿಗೆ ಬೇಜಾರಾಗಬಾರದೆಂದು. ಅಂಗಳದಿಂದ ಬಂದು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನೆರೆಯವರು “ಒಣಮೆಣಸಿನಕಾಯಿ ಹುಷಾರಾಗಿದ್ದಾಳಾ?” ಎಂದು ಇಣುಕಿ ನೋಡಿ ಹೋದರು. ನೀರನ್ನು ಇನ್ನೂ ಹೆಚ್ಚು ಮಾಡಿದ್ದೇನೆ. ಇನ್ನೇನು ಮಾಡಬೇಕು? ನಿಮ್ಮಲ್ಲಿ ಉಪ್ಪು ತಿಂದರೂ ಇಳಿಯುತ್ತದೆ, ನನ್ನಲ್ಲಿ ಬಿಟ್ಟರೂ ಏರುತ್ತದೆ ಎಂದರೆ ನನ್ನ ಮನೆಯಲ್ಲಿ ಏನೋ ಇದೆ. ಅದು ನಾನೇ ಎಂದರೆ, ನೀನೇ ಎಂದು ಬರೆಯಿರಿ.

ಜೂನಿನ ಪತ್ರದಲ್ಲಿ ಒಂದು ಮಾತು ನುಂಗಿದ್ದೀರಿ. ಆ ಮನೆಯ ವಿಷಯ ಎಂದು ಶುರು ಮಾಡಿ, ಬೇಡ ಎಂದಿರಿ. ನಿಮ್ಮ ಮರ್ಯಾದೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಸುತ್ತಿ ಬಳಸದೆ ಬರೆಯಿರಿ. ಬೈದರೂ ಸರಿ. ಬೇಗ.

*

ಆಗಸ್ಟ್ ೧೨

ಅಕ್ಕನವರಿಗೆ,

ನಿಮ್ಮ ಮನೆಯ ನೀರು ಉಪ್ಪು.

ನಾನು ಬಂದ ದಿನ ನೀವು ದೊಡ್ಡ ಲೋಟದಲ್ಲಿ ನೀರು ಕೊಟ್ಟಿರಿ. ಒಂದು ಗುಟುಕು ಕುಡಿದೆ, ಎರಡನೆಯದು ಗಂಟಲಲ್ಲಿ ಇಳಿಯಲಿಲ್ಲ. ನೀವು ಒಳಗೆ ಹೋದಾಗ ಕಿಟಕಿಯ ಹೂಕುಂಡಕ್ಕೆ ಸುರಿದೆ. ಆ ಎರಡು ದಿನ ಅಂಗಡಿಯ ನೀರು ಕುಡಿದೆ, ಪಿತ್ತ ಎಂದು ಸುಳ್ಳು ಹೇಳಿ ಊಟ ಅರ್ಧ ಬಿಟ್ಟೆ. ಸಮುದ್ರದ ಕಡೆಯ ನೀರು ಹೀಗೇ ಇರುತ್ತದೆ, ನಿಮಗೆಲ್ಲ ಗೊತ್ತಿದೆ, ಒಗ್ಗಿದೆ ಎಂದುಕೊಂಡೆ. ಕುಡಿಯಲು ಕೊಟ್ಟ ನೀರನ್ನು ಹೀಗಳೆಯುವುದು ಹೇಗೆ ಎಂದು ಸುಮ್ಮನಿದ್ದೆ. ಮಗಳ ಸ್ಥಿತಿ ತಿಳಿದ ಮೇಲೂ ಸುಮ್ಮನಿದ್ದೆ. ನೀರಿನ ಉಪ್ಪೂ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ. ನಿನ್ನೆ ಡಾಕ್ಟರರನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ದಯವಿಟ್ಟು ಆ ಚೊಂಬನ್ನು ಅವಳಿಗೆ ಕೊಡಬೇಡಿ.

*

ಆಗಸ್ಟ್ ೨೫

ಬೀಗಿತ್ತಿಯವರೇ,

ಈ ಪತ್ರಕ್ಕಿಂತ ಮೊದಲು ನಿಮ್ಮ ಮಗಳೇ ತಲುಪಿದ್ದಾಳೆ, ಆದ್ದರಿಂದ ಹೊಸ ಸುದ್ದಿ ಏನಿಲ್ಲ. ಆಸ್ಪತ್ರೆಯ ಗಾಡಿಯಲ್ಲಿ ನರ್ಸಮ್ಮನ ಜೊತೆ ಕಳಿಸಿದ ಮೇಲೆಯೇ ಆ ದಿನ ನಾನು ಅನ್ನ ಮುಟ್ಟಿದ್ದು. ಆದರೂ ನಡೆದದ್ದನ್ನು ಬರೆಯಬೇಕು, ಇಲ್ಲವಾದರೆ ಎದೆಯೊಳಗೆ ಕೊಳೆಯುತ್ತದೆ.

ನಿಮ್ಮ ಪತ್ರ ಬಂದಾಗ ಮೊದಲು ನಗು ಬಂತು. ನನ್ನ ನಾಲಿಗೆಗೆ ತಿಳಿಯದ ಉಪ್ಪು ಒಬ್ಬ ದರ್ಜಿಯ ನಾಲಿಗೆಗೆ ತಿಳಿಯಿತೇ ಎಂದು. ಬಾವಿಯ ನೀರು ಸೇದಿ ಕುಡಿದೆ. ನೀರಿನ ಹಾಗೇ ಇತ್ತು. ನಿಮ್ಮ ಮಗಳನ್ನು ಕರೆದೆ.

“ಈ ನೀರು ಹೇಗಿದೆ ಹೇಳು.”

“ಚೆನ್ನಾಗಿದೆ ಅತ್ತೆ.”

“ನಿಮ್ಮಮ್ಮನ ಮನೆ ನೀರು ಕುಡಿದು ಬಂದ ದಿನ ಇದು ಹೇಗಿತ್ತು?”

ಅವಳು ನೆಲ ನೋಡಿದಳು. “ಉಪ್ಪುಪ್ಪಿತ್ತು. ಮದುವೆ ಆದ ಹೊಸದ್ರಲ್ಲಿ ಇವರ ಹತ್ರ ಹೇಳಿದ್ದೆ. ‘ಅಮ್ಮನ ಹತ್ರ ಮಾತ್ರ ಹೇಳ್ಬೇಡ, ಅವಳ ನಾಲಿಗೆಗೆ ಇಡೀ ಅಂಗಳ ಹೆದರುತ್ತೆ’ ಅಂದ್ರು. ಆಮೇಲೆ ರೂಢಿ ಆಯ್ತು.”

ಮಾತು ಮನೆ ಕೆಡಿಸಿತು ಎಂದು ಕೇಳುತ್ತಾ ಬೆಳೆದವಳು ನಾನು. ನನ್ನ ಮನೆಯನ್ನು ಕೆಡಿಸಿದ್ದು ಯಾರೂ ಮಾತಾಡದೆ ಇದ್ದದ್ದು. ಮಾತಾಡಬಲ್ಲವಳು ನಾನೊಬ್ಬಳೇ, ನನಗೆ ರುಚಿಯೇ ತಿಳಿಯುತ್ತಿರಲಿಲ್ಲ.

ಆ ನೀರನ್ನು ಒಂದು ಬಾಟಲಿಗೆ ತುಂಬಿ ಅಂಗಳಕ್ಕೆ ಹೋದೆ. ಮೇಸ್ತ್ರಿ ಗುಡ್ಡದ ಮೇಲಿನ ಬಡಾವಣೆಯವನು, ನಲ್ಲಿ ನೀರು ಕುಡಿಯುವವನು. ಕುಡಿ ಎಂದೆ. ಕುಡಿದು ಉಗಿದ. “ಇದ್ಯಾವ ತೊಟ್ಟೀದು ಅಕ್ಕಾ?” ಎಂದ. ನಮ್ಮ ಮನೆಯದು ಎಂದೆ. ಅವನು ಒರೆಸಿಕೊಂಡ ಬಾಯಿಯನ್ನು ಇನ್ನೊಮ್ಮೆ ಒರೆಸಿಕೊಂಡ. ಆಮೇಲೆ, ಬಹಳ ದಿನದಿಂದ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದ: “ತೊಟ್ಟೀಗೂ ಈಚೆಗೆ ನೀವು ಉಪ್ಪು ಜಾಸ್ತಿ ಹಾಕಿಸ್ತೀರಿ. ನಿಮ್ಮೆದುರು ಹೇಳೋದಕ್ಕೆ ಯಾರಿಗೆ ಧೈರ್ಯ?” ಎಂದು. ಒಂದು ಹಸಿ ಮೊಟ್ಟೆ ತಂದು ನಾನು ಹದ ಎಂದಿದ್ದ ತೊಟ್ಟಿಗೆ ಬಿಟ್ಟ. ಹದದ ನೀರಿನಲ್ಲಿ ಮೊಟ್ಟೆಯ ತುದಿ ಸ್ವಲ್ಪವೇ ಮೇಲೆ ಕಾಣಬೇಕು. ನನ್ನ ತೊಟ್ಟಿಯಲ್ಲಿ ಅದು ಬೆಂಡಿನ ಹಾಗೆ ಮಲಗಿ ತೇಲಿತು. ಈಗ ಅಂಗಳದಲ್ಲಿ ಹದ ನೋಡುವುದು ಮೊಟ್ಟೆ. ನನ್ನ ಕೆಲಸವನ್ನು ಕೋಳಿ ತೆಗೆದುಕೊಂಡಿತು. ನಾನು ಮೀನು ಹರವುತ್ತೇನೆ.

ಆಸ್ಪತ್ರೆಯಿಂದ ನೀರನ್ನು ಪರೀಕ್ಷೆಗೆ ಕಳಿಸಿದರು. ಕುಡಿಯಲು ಆಗದು ಎಂದು ಬಂತು. ನಮ್ಮ ಬೀದಿಯ ಹಿಂದೆ ಕಡಲ ನೀರು ಬಿಟ್ಟು ಸೀಗಡಿ ಸಾಕುವ ಹೊಂಡಗಳಿವೆ. ಅಲ್ಲಿಂದ ವರ್ಷ ವರ್ಷವೂ ಒಂದಿಷ್ಟು ಬಾವಿಗೆ ಜಿನುಗಿದೆ. ಒಂದೇ ದಿನ ಬಂದಿದ್ದರೆ ಎಮ್ಮೆಯೂ ಮೂಸಿ ಬಿಡುತ್ತಿತ್ತು. ಮೆಲ್ಲಗೆ ಬಂತು, ನಾಲಿಗೆಯೂ ಜೊತೆಗೇ ನಡೆಯಿತು. ದಿನವಿಡೀ ಉಪ್ಪುನೀರು ಬಾಯಾಡಿಸುವವಳಿಗೆ ಅದು ಸಿಹಿನೀರೇ. ನೀವು ಸುರಿದ ಆ ಹೂಕುಂಡದ ಗಿಡ ಎಲೆಯ ಅಂಚು ಸುಟ್ಟು ಸತ್ತಿತು. ನೀವು ಸುರಿದ ಒಂದು ಲೋಟಕ್ಕಲ್ಲ, ನಾನು ದಿನವೂ ಸುರಿದದ್ದಕ್ಕೆ. ಆಗ ಗಾಳಿಯನ್ನು ಬೈದಿದ್ದೆ.

ಇಲ್ಲಿಯ ಡಾಕ್ಟರು ಪ್ರಾಮಾಣಿಕ ಮನುಷ್ಯ. “ನೀರೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ಇದ್ದ ಬೆಂಕಿಗೆ ಇದು ಎಣ್ಣೆ” ಎಂದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಿಮ್ಮ ಮಗಳ ತಟ್ಟೆಯಿಂದ ಉಪ್ಪು ತೆಗೆದು ಚೊಂಬಿನಲ್ಲಿ ಕುಡಿಸಿದೆ, ಎದುರು ನಿಂತು. ನನ್ನ ಗಂಡ ಇದೇ ನೀರು ಕುಡಿದರು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಮಗನಿಗೆ ಕೊಟ್ಟ ಮಾತು ಮುರಿದಿದ್ದೇನೆ. ಅವಳು ನನ್ನ ಕಣ್ಮುಂದೆ ಇಲ್ಲ. ನಿಮ್ಮ ಕಣ್ಮುಂದೆ ಇಟ್ಟುಕೊಳ್ಳಿ. ಬಸ್ಸು ಹತ್ತುವುದನ್ನೆಲ್ಲ ನಂಬಿಕೊಳ್ಳಬೇಡಿ, ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿಯಿರಿ.

*

ಸೆಪ್ಟೆಂಬರ್ ೧೯

ಅಕ್ಕನವರಿಗೆ,

ಹೆಣ್ಣು ಮಗು. ನಿನ್ನೆ ಬೆಳಿಗ್ಗೆ. ಒತ್ತಡ ಇಳಿದಿತ್ತು, ಮತ್ತೆ ಏರಲು ಶುರುವಾಯಿತು. ಕಾಯುವುದು ಬೇಡ ಎಂದು ಒಂದು ತಿಂಗಳು ಮೊದಲೇ ಮಗುವನ್ನು ತೆಗೆದರು. ಮಗು ಬಹಳ ಸಣ್ಣದು, ನನ್ನ ದೊಡ್ಡ ಕತ್ತರಿಯ ಉದ್ದಕ್ಕೆ ಸ್ವಲ್ಪ ಹೆಚ್ಚು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಆದರೆ ಅತ್ತಿತು ಅಕ್ಕ. ಹೊರಗಿನ ಬೆಂಚಿಗೂ ಕೇಳುವ ಹಾಗೆ. “ಯಾರ ದನಿ ಇದು!” ಎಂದು ನರ್ಸುಗಳು ನಕ್ಕರು. ನನಗೆ ಗೊತ್ತು ಯಾರದೆಂದು.

ಹುಡುಗಿ ಚೇತರಿಸಿಕೊಳ್ಳುತ್ತಿದ್ದಾಳೆ. ಕಣ್ಣು ಬಿಟ್ಟ ಕೂಡಲೇ “ಅತ್ತೆಗೆ ಹೇಳಿದ್ಯಾ?” ಎಂದಳು.

*

ಅಕ್ಟೋಬರ್ ೧೪

ಅಕ್ಕನವರಿಗೆ,

ಹುಟ್ಟಿದ ಸುದ್ದಿ ಬರೆದು ಇಷ್ಟು ದಿನವಾಯಿತು, ನಿಮ್ಮಿಂದ ಒಂದು ಗೆರೆ ಇಲ್ಲ. ಎರಡು ಸಲ ಬೀದಿಯ ಅಂಗಡಿಗೆ ಫೋನು ಮಾಡಿಸಿದೆ. “ಮನೆ ಬೀಗ ಹಾಕಿದೆ” ಎಂದರು.

ಮಗು ಪೆಟ್ಟಿಗೆಯಿಂದ ಹೊರಗೆ ಬಂದು ಮನೆಗೆ ಬಂದಿದೆ. ತಾಯಿಗೆ ಮಾತ್ರೆ ಮುಂದುವರಿದಿದೆ. ಅಳಿಯಂದಿರು ಮುಂದಿನ ತಿಂಗಳು ಬರುತ್ತಾರಂತೆ, ಹೆಂಡತಿ ಮಗುವನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗುವುದಾಗಿ ಬರೆದಿದ್ದಾರೆ. ಹುಡುಗಿಗೂ ಅದೇ ಆಸೆ. ಆದರೆ ದಿನವೂ ಅಂಚೆಯವನ ದಾರಿ ನೋಡಿ ಒಳಗೆ ಹೋಗಿ ಅಳುತ್ತಾಳೆ. “ಹೆಣ್ಣು ಅಂತ ಅತ್ತೆಗೆ ಕೋಪ ಬಂತೇನೋ” ಎನ್ನುತ್ತಾಳೆ. ನಾನು ಅಲ್ಲ ಎಂದೆ. ಒಳಗೊಳಗೆ ನನಗೂ ಅದೇ ಅನುಮಾನ. ನೀವೇ ಕಲಿಸಿದ್ದೀರಿ, ಆದ್ದರಿಂದ ನೇರವಾಗಿ ಕೇಳುತ್ತೇನೆ. ಕೋಪವೇ?

*

ಅಕ್ಟೋಬರ್ ೨೨

ಬೀಗಿತ್ತಿಯವರೇ,

ಕೋಪವೇ. ಹೆಣ್ಣೆಂದಲ್ಲ. ನಾನು ಹೆಣ್ಣಲ್ಲದೆ ಮತ್ತೇನು? ನನ್ನ ಹೆಸರಿನಲ್ಲಿ ಇಂಥ ಮಾತು ಯೋಚಿಸಿದಿರಲ್ಲ, ಅದಕ್ಕೆ ಕೋಪ.

ಹುಟ್ಟಿದ ಸುದ್ದಿಯ ಪತ್ರ ಬಂದಾಗ ನಾನು ಇಲ್ಲಿಯ ಆಸ್ಪತ್ರೆಯಲ್ಲಿ ಮಲಗಿದ್ದೆ, ನಿಮ್ಮ ಮಗಳ ತೋಳಿಗೆ ಪಟ್ಟಿ ಸುತ್ತಿದ್ದ ಅದೇ ಆಸ್ಪತ್ರೆಯಲ್ಲಿ. ಮೀನು ಹರವುವಾಗ ಬಲಗೈ ನನ್ನ ಮಾತು ಕೇಳಲಿಲ್ಲ. ಮೇಸ್ತ್ರಿ ಹೊತ್ತುಕೊಂಡು ಓಡಿದ. ನನ್ನ ಒತ್ತಡ ನೋಡಿ ನರ್ಸಮ್ಮ ಪಟ್ಟಿಯೇ ಕೆಟ್ಟಿದೆ ಎಂದು ಇನ್ನೊಂದು ತಂದಳು. ಹೆದರಬೇಡಿ, ಸಣ್ಣದರಲ್ಲಿ ತಪ್ಪಿತು. ಕೈ ವಾಪಸು ಬಂದಿದೆ, ಬಾಯಿ ಹೋಗಿಯೇ ಇರಲಿಲ್ಲ. ಅಕ್ಷರ ಇನ್ನೂ ಸೊಟ್ಟ, ಅದಕ್ಕೇ ತಡ. ಬೇರೆಯವರ ಕೈಯಲ್ಲಿ ಬರೆಸಿದ್ದರೆ ನಿಮ್ಮ ಮಗಳು ಗಾಬರಿಯಾಗುತ್ತಿದ್ದಳು, ಗಾಬರಿಯಾದರೆ ಒತ್ತಡ ಏರುತ್ತಿತ್ತು. ಅದಕ್ಕೇ ಅಂಗಡಿಯವನಿಗೂ ಬಾಯಿ ಬಿಡಬೇಡ ಎಂದಿದ್ದೆ. ಇದನ್ನು ಅವಳಿಗೆ ಈಗಲೂ ಪೂರ್ತಿ ಓದಿ ಹೇಳಬೇಡಿ. ಮಾತ್ರೆ ನುಂಗುತ್ತಿದ್ದೇನೆ, ದಿನವೂ, ಬೈದುಕೊಂಡು. ಅದನ್ನು ಮಾತ್ರ ಓದಿ.

ಇನ್ನು ಕರೆದುಕೊಂಡು ಬರುವ ಮಾತು. ಬೇಡ.

ಬಾವಿ ಹಾಗೇ ಇದೆ. ಗುಡ್ಡದ ಮೇಲಿನ ನಲ್ಲಿಯನ್ನು ಕೆಳಗಿನ ಬೀದಿಗೂ ಎಳೆಯಿರಿ ಎಂದು ಕೇಳುತ್ತಿದ್ದೇವೆ. ಕೇಳುತ್ತಿದ್ದೇವೆ ಎಂದರೆ ನಾನು ಕೂಗುತ್ತಿದ್ದೇನೆ, ಉಳಿದವರು ಹಿಂದೆ ನಿಂತಿರುತ್ತಾರೆ. ಮೊದಲು ಅವರೂ ಇರಲಿಲ್ಲ. “ನಿನ್ನ ನಾಲಿಗೆಗೆ ವಯಸ್ಸಾಯ್ತು, ನಮ್ಮ ಬಾವಿಗೇನಾಗಿದೆ?” ಎಂದು ಬಾಗಿಲು ಹಾಕಿಕೊಂಡರು. ನರ್ಸಮ್ಮನನ್ನು ಮನೆ ಮನೆಗೂ ಕರೆದುಕೊಂಡು ಹೋಗಿ ತೋಳಿಗೆ ಪಟ್ಟಿ ಸುತ್ತಿಸಿದೆ. ಆಮೇಲೆ ಬಾಗಿಲು ತೆರೆದವು. ಈಗ ಗಾಡಿಯಲ್ಲಿ ನೀರು ಬರುತ್ತದೆ, ಬಂದ ದಿನ ಬರುತ್ತದೆ, ಬಾರದ ದಿನ ಇಲ್ಲ. ಬಾರದ ದಿನ ನಾವು ಮತ್ತೆ ಬಾವಿಗೇ ಹಗ್ಗ ಇಳಿಸುತ್ತೇವೆ. ಅಂಥ ದಿನ ನಿಮ್ಮ ಮಗಳು ಇಲ್ಲಿದ್ದರೆ ಅದನ್ನೇ ಕುಡಿಯುತ್ತಾಳೆ, ಚೆನ್ನಾಗಿದೆ ಅತ್ತೆ ಎನ್ನುತ್ತಾಳೆ. ಅವಳು ಹಾಗೆನ್ನುವುದನ್ನು ಇನ್ನೊಂದು ಸಲ ಕೇಳಲಾರೆ.

ಮಗ ಬಂದರೆ ಹಡಗಿನಿಂದ ಇಳಿದು ನೇರ ನಿಮ್ಮಲ್ಲಿಗೆ ಹೋಗಲಿ. ಅವನಿಗೂ ಬರೆದಿದ್ದೇನೆ. ನಾನೇ ಬರುತ್ತಿದ್ದೆ, ಸದ್ಯಕ್ಕೆ ಅಷ್ಟು ದೂರದ ಪ್ರಯಾಣ ಬೇಡ ಎಂದಿದ್ದಾರೆ. ನಿಮ್ಮ ಮಗಳಿಗೆ ಹೇಳಿ, ಅತ್ತೆ ಬೇಡವೆಂದದ್ದು ನೀರನ್ನು, ನಿನ್ನನ್ನಲ್ಲ ಎಂದು. ನಿಮ್ಮ ಮೆತ್ತನೆಯ ದನಿಯಲ್ಲಿ ಹೇಳಿ. ನಾನು ಹೇಳಿದರೆ ಇದೂ ಬೈದ ಹಾಗೆ ಕೇಳುತ್ತದೆ.

ನಲ್ಲಿಯಲ್ಲಿ ನೀರು ಬಂದ ದಿನ ನಾನೇ ಬರೆಯುತ್ತೇನೆ. ಅಲ್ಲಿಯವರೆಗೆ ಆ ಕೂಸಿಗೆ ಇಬ್ಬರು ಅಜ್ಜಿಯರ ಪಾಲನ್ನೂ ನೀವೇ ಮುದ್ದು ಮಾಡಿ. ನಿಮ್ಮ ಪಾಲಿನದನ್ನು ಹೇಗೆ ಬೇಕೋ ಹಾಗೆ ಮಾಡಿ. ನನ್ನ ಪಾಲಿನದನ್ನು ಮಾತ್ರ ಸ್ವಲ್ಪ ಜೋರಾಗಿ.